ಒಕ್ಕೂಟದ ಕಟ್ಟಡದ ಮೇಲೆ ಮೋಡ ಇರಿಸುವ ಬಗ್ಗೆ

ಪ್ರಚಾರ ನಿರ್ದೇಶನಾಲಯ
ಸುತ್ತೋಲೆ ಸಂಖ್ಯೆ: ಪ್ರನಿ/ಜ್ವರ/ಮೋಡ/೧೭

ವಿಷಯ: ಸಾಂಕ್ರಾಮಿಕ ಜ್ವರದ ಅವಧಿಯಲ್ಲಿ ಬಹುರಾಷ್ಟ್ರ ಆರೋಗ್ಯ ಒಕ್ಕೂಟವನ್ನು ಪತ್ರಿಕೆ ಹಾಗೂ ಟಿ.ವಿ.ಗಳಲ್ಲಿ ತೋರಿಸುವ ಕ್ರಮ.

ಉಲ್ಲೇಖ: ಮಾನ್ಯ ಸಚಿವರ ಸಿಟ್ಟು (ಮೌಖಿಕ), ಮಂಗಳವಾರ.

ಒಕ್ಕೂಟದ ಲಸಿಕೆ ತಡವಾದ ಸುದ್ದಿಯೊಂದಿಗೆ ಈ ಕಚೇರಿಯ ಫೋಟೋ ಗುಮಾಸ್ತರು, ಒಕ್ಕೂಟದ ಕಟ್ಟಡವು ಬಿಸಿಲಿನಲ್ಲಿ ಫಳಫಳ ಹೊಳೆಯುವ ಫೋಟೋವನ್ನು ಪತ್ರಿಕೆಗಳಿಗೆ ಕಳುಹಿಸಿರುತ್ತಾರೆ. ಕಾರಣ ಕೇಳಲಾಗಿ, "ಅವತ್ತು ಅಲ್ಲಿ ಬಿಸಿಲೇ ಇತ್ತು ಸಾರ್, ನಾನೇನ್ ಮಾಡ್ಲಿ? ಮನೇಲಿ ಬಾಣಂತಿ ಇದಾಳೆ, ಕೆಲಸದಿಂದ ತೆಗೀಬೇಡಿ" ಎಂದಿರುತ್ತಾರೆ. ಸಮಜಾಯಿಷಿಯು ನಿಜವಾಗಿರುವುದರಿಂದ ಅದನ್ನು ತಿರಸ್ಕರಿಸಿ, ಸದರಿಯವರನ್ನು ಅಮಾನತಿನಲ್ಲಿಡಲಾಗಿದೆ. ಉಳಿದ ಸಿಬ್ಬಂದಿಗೆ ಈ ಮೂಲಕ ಸೂಚಿಸುವುದೇನೆಂದರೆ:

೧. ಲಸಿಕೆ ಬಂದರೆ ಸಚಿವರು ತಂದರೆಂದೂ, ಬಾರದಿದ್ದರೆ ಒಕ್ಕೂಟ ಕೊಡಲಿಲ್ಲವೆಂದೂ ಬರೆಯತಕ್ಕದ್ದು. ಅರ್ಧ ಬಂದಲ್ಲಿ, ಬಾರದ ಅರ್ಧ ಮಾತ್ರ ಒಕ್ಕೂಟದ್ದು.

೨. ಒಕ್ಕೂಟದ ಕಟ್ಟಡದ ಮೇಲೆ ಈವರೆಗಿನಂತೆ ಸದಾ ಮೋಡ ಇರತಕ್ಕದ್ದು. ಮೋಡ ಲಭ್ಯವಿಲ್ಲದಿದ್ದಲ್ಲಿ ನಮ್ಮ ಕ್ಯಾಂಟೀನಿನ ಹೊಗೆಯ ಫೋಟೋ ತೆಗೆದು ಅಂಟಿಸುವುದು. ಕ್ಯಾಂಟೀನಿನವರು ಹಸಿ ಸೌದೆ ಬಳಸಿ ಸಹಕರಿಸುವುದು.

೩. ಒಕ್ಕೂಟದ ಹೆಸರು ಬಂದಾಗಲೆಲ್ಲ ಟಿ.ವಿ.ಯವರು ಗುಡುಗಿನ ಸದ್ದು ಹಾಕುತ್ತಿರುವುದು ಶ್ಲಾಘನೀಯ. ಆದರೆ ಜನರು ಒಣಹಾಕಿದ ಬಟ್ಟೆ ಎತ್ತಿಕೊಳ್ಳಲು ಎದ್ದೆನೋ ಬಿದ್ದೆನೋ ಎಂದು ಓಡುತ್ತಿರುವುದರಿಂದ, 'ಇದು ರಾಜಕೀಯ ಗುಡುಗು' ಎಂದು ಪರದೆಯ ಕೆಳಗೆ ನಮೂದಿಸುವುದು.

೪. "ಕೈ ತೊಳೆಯಿರಿ" ಎಂದು ಒಕ್ಕೂಟದ ವೈದ್ಯರು ಹೇಳಿದಲ್ಲಿ, ಮೊದಲು ಅದನ್ನು ಖಂಡಿಸತಕ್ಕದ್ದು. ಆಮೇಲೆ ತೊಳೆಯಬಹುದು.

೫. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂಬ ಗಾದೆಯನ್ನು ಜ್ವರ ಇಳಿಯುವವರೆಗೆ ಕಚೇರಿಯಲ್ಲಿ ನಿಷೇಧಿಸಲಾಗಿದೆ.

ತುರ್ತು ತಿದ್ದುಪಡಿ: ಈ ಸುತ್ತೋಲೆ ಟೈಪಾಗುತ್ತಿರುವಾಗಲೇ, ಮಾನ್ಯ ಸಚಿವರು ಸದರಿ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದ ಸಂತಸದ ಸುದ್ದಿ ಬಂದಿರುತ್ತದೆ. ಆದ್ದರಿಂದ ಒಕ್ಕೂಟವು ಹಿಂದಿನಿಂದಲೂ ಒಳ್ಳೆಯದಾಗಿತ್ತೆಂದು ತಿಳಿಯತಕ್ಕದ್ದು. ಕಚೇರಿಯಲ್ಲಿ ಬಿಸಿಲಿನ ಫೋಟೋ ಒಂದೇ ಒಂದು ಇದ್ದು, ಅದನ್ನು ತೆಗೆದ ದೂರದೃಷ್ಟಿಗಾಗಿ ಫೋಟೋ ಗುಮಾಸ್ತರನ್ನು ಬಡ್ತಿಯೊಂದಿಗೆ ಮರಳಿ ಕರೆಯಲಾಗಿದೆ. ಇಷ್ಟು ದಿನದ ಮೋಡಕ್ಕೆ ಯಾರಾದರೂ ಹೊಣೆಯಾಗಲೇಬೇಕಾದ್ದರಿಂದ ನಿರ್ದೇಶಕರನ್ನು ಅಮಾನತಿನಲ್ಲಿಡಲಾಗಿದೆ.

ಸಹಿ/-
ಪ್ರಭಾರ ನಿರ್ದೇಶಕರು
(ನಿನ್ನೆಯವರೆಗೆ ಫೋಟೋ ಗುಮಾಸ್ತರು)

ಪ್ರತಿಗಳು:
೧. ಸಚಿವರ ಆಪ್ತ ಶಾಖೆಗೆ, ಉಲ್ಲೇಖಿತ ಸಿಟ್ಟನ್ನು ಹಿಂಪಡೆಯುವ ಕೋರಿಕೆಯೊಂದಿಗೆ.
೨. ಕ್ಯಾಂಟೀನಿಗೆ, ಒಲೆ ಆರಿಸಲು.
೩. ಪ್ರಭಾರ ನಿರ್ದೇಶಕರ ಮನೆಗೆ, ಬಾಣಂತಿಯ ಸಮಾಧಾನಕ್ಕಾಗಿ.
೪. ಅಮಾನತುಗೊಂಡ ನಿರ್ದೇಶಕರಿಗೆ, ಸಮಜಾಯಿಷಿಯಲ್ಲಿ ನಿಜ ಬರೆಯಬಾರದೆಂಬ ಸ್ನೇಹಪೂರ್ವಕ ಸೂಚನೆಯೊಂದಿಗೆ.