ಮಾಮುವಿನ ಕಿವಿ, ಮುಮಾನಿಯ ಹಕ್ಕಿ

ವರ್ಷದ ಕೊನೆಯ ರಜೆಯಲ್ಲಿ ಅರ್ಧ ಬೆಂಗಳೂರು ನಮ್ಮ ಹಳಿಯಾಳ ದಾಟಿ ದಾಂಡೇಲಿಯ ಹೊಳೆಗೆ ಬೀಳಲು ಓಡುತ್ತದೆ. ನಮ್ಮ ಮಾಮು ಮಾತ್ರ ಅವರ ಗಾಡಿಗಳ ಕೆಳಗೆ ಬೀಳುತ್ತಾರೆ! ಗಾಬರಿಯಾಗಬೇಡಿ, ಅಪಘಾತವಲ್ಲ. ನಮ್ಮ ಅಮ್ಮಿಯ ಈ ತಮ್ಮ ಹಳಿಯಾಳದಲ್ಲಿ ಮೆಕ್ಯಾನಿಕ್. ರಜೆ ಎಂದರೆ ಅವರಿಗೆ ಗ್ಯಾರೇಜಿಗೆ ಬೀಗ ಹಾಕಿ ರಸ್ತೆಯನ್ನೇ ಗ್ಯಾರೇಜು ಮಾಡಿಕೊಳ್ಳುವುದು.

ಎಲ್ಲದಕ್ಕೂ ಕಾರಣ ಅವರ ಕಿವಿ. ಎಂಥ ಕಿವಿ ಅಂತೀರಿ! ಊಟಕ್ಕೆ ಕೂತಾಗ ಓಣಿಯಲ್ಲಿ ಬೈಕು ಹೋದರೆ ತುತ್ತು ಅಲ್ಲೇ ನಿಲ್ಲುತ್ತಿತ್ತು. "ಚೈನ್ ಸಡ್ಲಾಗೇತಿ!" ಅದೇ ಹೊತ್ತಿಗೆ ಅವರ ಹೆಂಡತಿ, ಅಂದರೆ ನಮ್ಮ ಮುಮಾನಿ, ಪಕ್ಕದಲ್ಲೇ ನಿಂತು ಉಪ್ಪು ಸಾಕೇ ಎಂದು ಕೇಳಿದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಗಂಡಸರ ಕಿವಿಯೇ ಹಾಗೋ ಏನೋ!

ಮುಮಾನಿಗಿದ್ದದ್ದು ಒಂದೇ ಆಸೆ. ಮುಂಡಗೋಡದ ಹತ್ತಿರ ಅತ್ತಿವೇರಿಯ ಕೆರೆಗೆ ಚಮಚದಂಥ ಕೊಕ್ಕಿನ ಹಕ್ಕಿ ಬರುತ್ತದೆ. ಮಗಳು ನಗ್ಮಾ ಮೊಬೈಲಿನಲ್ಲಿ ಅದರ ಫೋಟೊ ತೋರಿಸಿದ್ದೇ ತೋರಿಸಿದ್ದು, ಹಟ ಶುರುವಾಯಿತು. "ನಾ ಮದುವ್ಯಾದ ಮ್ಯಾಲ ಸೌಟು ಹಿಡದಾಕಿ. ಇದು ಹುಟ್ಟೂವಾಗ್ಲೇ ಹಿಡಕೊಂಡ ಬಂದೈತಿ! ಒಮ್ಮೆರ ನೋಡಬೇಕು." ನಮ್ಮ ಮನೆಮಾತು ಉರ್ದು. ಆದರೆ ಹಟಕ್ಕೆ, ಜಗಳಕ್ಕೆ ಮುಮಾನಿಗೆ ಕನ್ನಡವೇ ಆಗಬೇಕು, ಓಣಿಯೆಲ್ಲ ಕೇಳಲಿ ಎಂದು!

ಹೀಗೆ ಡಿಸೆಂಬರ್ ಬಂದರೆ ನಗ್ಮಾಳ ಕಾಲೇಜಿಗೆ ಸೂಟಿ, ನನಗೆ ಹುಬ್ಬಳ್ಳಿಯ ಆಫೀಸಿನಿಂದ ರಜೆ, ಹಳೇ ವ್ಯಾನಿನಲ್ಲಿ ಬಿರಿಯಾನಿಯ ಪಾತೇಲಿ. ಹೊರಟಿತು ನೋಡಿ ಸವಾರಿ! ಮೊದಲ ವರ್ಷ ಊರ ಹೊರಗೇ ಒಂದು ಕಬ್ಬಿನ ಟ್ರ್ಯಾಕ್ಟರು ಕೆಮ್ಮುತ್ತಿತ್ತು. ಮಾಮು ಇಳಿದರು. ನಾವು ಸಂಜೆಯವರೆಗೆ ಕಬ್ಬು ಸಿಗಿದೆವು. ಮರುವರ್ಷ ಕಲಘಟಗಿಯ ತನಕ ಹೋದೆವು. ಎಂಥ ಪ್ರಗತಿ! ಅಲ್ಲಿ ಬೆಂಗಳೂರಿನ ಹುಡುಗರ ಕಾರು ಹೊಗೆ ಬಿಡುತ್ತ ನಿಂತಿತ್ತು. ಮಾಮು ಅದರ ಬಾನೆಟ್ಟಿನೊಳಗೆ ತಲೆ ಇಟ್ಟರು. ಹುಡುಗರು ನಮ್ಮ ಪಾತೇಲಿಯೊಳಗೆ ಕೈ ಇಟ್ಟರು.

"ಹಕ್ಕಿ ಹೋಗ್ಲಿ, ಕೋಳೀನೂ ಉಳೀಲಿಲ್ಲ!" ಎಂದು ಮುಮಾನಿ ಗುಡುಗಿದರು.

"ಹಕ್ಕಿ ಮುಂದಿನ ವರ್ಷಾನೂ ಬರ್ತಾವ. ಈ ಹುಡುಗ್ರು ಕತ್ತಲಾಗೂದ್ರಾಗ ಊರು ಮುಟ್ಟಬೇಕಲ್ಲ?" ಎಂದರು ಮಾಮು.

ಕಳೆದ ಡಿಸೆಂಬರಿನಲ್ಲಿ ಮುಮಾನಿ ಮಗಳ ತಲೆ ಮುಟ್ಟಿಸಿ ಮಾತು ತೆಗೆದುಕೊಂಡರು. "ಎಲ್ಲೂ ನಿಲ್ಲಸೂ ಹಂಗಿಲ್ಲ!" ಹಕ್ಕಿಗಳು ಸಂಜೆಗೆ ಕೆರೆಗೆ ಮರಳುತ್ತವೆಂದು ಮಧ್ಯಾಹ್ನ ಹೊರಟೆವು. ಕಲಘಟಗಿ ದಾಟಿತು, ತಡಸ ದಾಟಿತು. ಅತ್ತಿವೇರಿ ಇನ್ನೇನು ಬಂತು ಎನ್ನುವಾಗ ಎದುರಿನಿಂದ ಒಂದು ಟೆಂಪೊ ಕಿರ್ರೋ ಎಂದು ಕಿರುಚುತ್ತ ಬಂದು ನಮ್ಮನ್ನು ದಾಟಿತು. ನಾವು ಕಿವಿ ಮುಚ್ಚಿಕೊಂಡೆವು. ಮಾಮು ತಿರುಗಿಯೂ ನೋಡಲಿಲ್ಲ!

"ನಮ್ಮ ಅಬ್ಬಾ ಮಾತು ಉಳಿಸ್ಕೊಂಡ್ರು!" ಎಂದು ನಗ್ಮಾ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಮುಮಾನಿ ತಟ್ಟಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದರು. "ಆ ಟೆಂಪೋಕ್ಕ ಏನಾಗಿತ್ರಿ?" ಎಂದರು. ಮಾಮು ಸುಮ್ಮನೆ ಗಾಡಿ ಓಡಿಸುತ್ತಿದ್ದರು. ಮುಮಾನಿ ಅವರ ತೋಳು ಮುಟ್ಟಿ, ಗಟ್ಟಿಯಾಗಿ ಇನ್ನೊಮ್ಮೆ ಕೇಳಿದರು.

"ಏನಾಗಿತ್ತು? ಸಪ್ಪಳಿಲ್ಲದ ಹೋತಲ್ಲ!"

ಓಣಿಯ ಬೈಕಿನ ಚೈನು ಕೇಳುತ್ತಿದ್ದ ಕಿವಿ! ಹಿಂತಿರುಗಿ ನೋಡಿದರೆ ಟೆಂಪೊ ರಸ್ತೆಯ ಬದಿಗೆ ನಿಂತುಬಿಟ್ಟಿತ್ತು, ಮಕ್ಕಳು ಇಳಿಯುತ್ತಿದ್ದರು.

"ಹಿಂದಕ ಹೊರಳಸ್ರಿ," ಎಂದರು ಮುಮಾನಿ. "ಸಣ್ಣ ಹುಡುಗ್ರು ಅದಾರ."

"ನಿನ್ನ ಹಕ್ಕಿ?"

"ಮುಂದಿನ ವರ್ಷಾನೂ ಬರ್ತಾವ."

ಸ್ವಲ್ಪ ಹೊತ್ತಿನಲ್ಲೇ ಮಾಮು ಟೆಂಪೊದ ಇಂಜಿನ್ನಿನ ಸಡಿಲ ಬೆಲ್ಟು ಬಿಗಿಯುತ್ತಿದ್ದರು. ಬಿಗಿದಾಗೊಮ್ಮೆ ಡ್ರೈವರ್ ಚಾಲೂ ಮಾಡಿ ನೋಡುತ್ತಿದ್ದ. ತಲೆಯ ಮೇಲೆ ಬಿಳಿ ಹಕ್ಕಿಗಳ ಸಾಲೊಂದು ಕೆರೆಯ ಕಡೆಗೆ ಹಾರಿತು. "ಅಮ್ಮೀ, ಮ್ಯಾಲ ನೋಡು!" ಎಂದು ನಗ್ಮಾ ಕೂಗಿದಳು. ಮುಮಾನಿ ತಲೆ ಎತ್ತಲಿಲ್ಲ. ಬಗ್ಗಿ ಇಂಜಿನ್ನಿಗೆ ಕಿವಿಗೊಟ್ಟಿದ್ದರು.

"ಈಗ?" ಎಂದು ಮಾಮು ಕೇಳಿದರು.

"ಇನ್ನಾ ಕಿರ್ರ್ ಅಂತೈತಿ."

"ಈಗ?"

ಮುಮಾನಿ ಗಂಡನ ಎಣ್ಣೆಗೈಯನ್ನು ಹಿಡಿದು ತಮ್ಮ ಸೆರಗಿನಿಂದ ಒರೆಸಿದರು.

"ಈಗ ನನಗೂ ಏನೂ ಕೇಳಸವಲ್ತು."