ಪಿ.ಪಿ. ನಂಬರಿಗೊಂದು ಹಸಿರು ದೀಪ

ಮಾದನಹಿಪ್ಪರಗಾದ ನಮ್ಮ ಓಣಿಗೆ ಮೊದಲ ಟೆಲಿಫೋನ್ ಬಂದದ್ದು ನನ್ನ ಮನೆಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನ ಮನೆಗೆ ಬರದೆ ಇನ್ನಾರ ಮನೆಗೆ ಬರಬೇಕು ಎಂದು ನಾನೇ ನಾಲ್ಕು ಜನರೆದುರು ಹೇಳಿಕೊಂಡು ತಿರುಗಿದ್ದೆ. ಹೆಂಡತಿ ಕಮಲಾ ಅದಕ್ಕೆ ನೂಲಿನಿಂದ ಒಂದು ಟೋಪಿ ಹೆಣೆದಳು. ಹದಿನೈದು ದಿನ ಅದು ಆ ಟೋಪಿ ಹಾಕಿಕೊಂಡು ಸುಮ್ಮನೆ ಕೂತಿತ್ತು. ನನಗೆ ಫೋನ್ ಮಾಡುವವರು ಯಾರೂ ಇಲ್ಲ ಎಂಬ ಸಂಗತಿ ನನ್ನ ಗಮನಕ್ಕೆ ಬಂದದ್ದೇ ಆಗ.

ಆಮೇಲೆ ಶುರುವಾಯಿತು. ಓಣಿಯವರೆಲ್ಲ ತಮ್ಮ ತಮ್ಮ ನೆಂಟರಿಗೆ ನನ್ನ ನಂಬರು ಕೊಟ್ಟು, ಪಕ್ಕದಲ್ಲಿ ಪಿ.ಪಿ. ಎಂದು ಬರೆದರು. ಪಿ.ಪಿ. ಎಂದರೆ ಫೋನ್ ಒಬ್ಬರದು, ಮಾತು ಇನ್ನೊಬ್ಬರದು, ಕರೆದು ತರುವ ಕೆಲಸ ಮಾತ್ರ ಫೋನಿನವರದು. ಮದುವೆ ಕಾರ್ಡುಗಳಲ್ಲೂ ನನ್ನ ನಂಬರು ಅಚ್ಚಾಯಿತು. ಅದರಲ್ಲಿ ಒಂದೆರಡು ಮದುವೆಗೆ ನನ್ನನ್ನು ಕರೆದಿರಲೇ ಇಲ್ಲ!

ಕರೆದು ತರುವ ಖಾತೆಯನ್ನು ಕಮಲಾ ವಹಿಸಿಕೊಂಡಿದ್ದಳು. ಅವಳ ವಿಧಾನ ಬಹಳ ಸರಳ. ಹಿತ್ತಲ ಗೋಡೆಯ ಹತ್ತಿರ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನೀಲಮ್ಮಾಯೀ, ಫೋನ್ ಬಂದದ, ಲಗೂನ ಬರ್ರಿ" ಎಂದು ಒಂದು ಕೂಗು ಹಾಕುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಆಳಂದದ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುತ್ತಿದ್ದರು. ಪಕ್ಕದ ಮನೆಯ ನೀಲಮ್ಮಾಯಿ ಬರುವಷ್ಟರಲ್ಲಿ ಅವಳ ಬೆನ್ನಿಗೆ ಅರ್ಧ ಓಣಿ ಇರುತ್ತಿತ್ತು. ಮಾತಾಡುವವರು ಒಬ್ಬರು, ಕೇಳುವವರು ಏಳು ಜನ, ಎಲ್ಲರಿಗೂ ಚಹಾ ನಮ್ಮದು. ನನ್ನ ಭಾನುವಾರದ ಮಧ್ಯಾಹ್ನದ ನಿದ್ದೆ ಇತಿಹಾಸ ಸೇರಿತು.

ಒಂದು ದಿನ ಊಟಕ್ಕೆ ಕೂತಾಗ ನಾನು ಕಮಲಾಗೆ ವಿಷಯ ಮಂಡಿಸಿದೆ. ಸೂಚನೆ ಎಂಬುದು ಮನುಷ್ಯನ ಕಿವಿ ಹಿಡಿದು ಎಳೆಯಬಾರದು. ಕಣ್ಣಿನ ಅಂಚಿಗೆ ಮೆಲ್ಲಗೆ ಬಂದು ನಿಲ್ಲಬೇಕು. ಅವನು ರೊಟ್ಟಿ ಬಡಿಯುತ್ತಲೋ ಬಟ್ಟೆ ಹೊಲಿಯುತ್ತಲೋ ಇದ್ದಾಗ, ಆ ಕೆಲಸ ಕೆಡದಂತೆ, ಸದ್ದಿಲ್ಲದೆ ವಿಷಯ ತಿಳಿಯಬೇಕು.

"ತಿಳಿಲಿಲ್ಲಂದ್ರ?" ಎಂದಳು ಕಮಲಾ.

"ಯಾಕ ತಿಳಿಯಾಂಗಿಲ್ಲ? ನಾ ದೀಪದ ಸೂಚನೆ ಮಾಡಾಕತ್ತೇನಿ. ಸದ್ದಿಗಿಂತ ಬೆಳಕಿನ ವೇಗ ಎಷ್ಟೋ ಲಕ್ಷ ಪಟ್ಟು ಜಾಸ್ತಿ ಅದ."

"ಬೆಳಕಿಗೆ ವೇಗ ಇರ್ಲಿರಿ. ಮಂಡಿನೋವಿನ ನೀಲಮ್ಮಾಯಿಗೆ ಎಲ್ಲದ?"

ವಿಜ್ಞಾನಿಗಳನ್ನು ಅವರ ಮನೆಯವರೇ ಮೊದಲು ನಂಬುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಕೆಲಸಕ್ಕೆ ಇಳಿದೆ. ಎರಡು ಸಾಬೂನಿನ ಡಬ್ಬಿ ತೆಗೆದುಕೊಂಡು, ಒಂದೊಂದರಲ್ಲಿ ಒಂದು ಬ್ಯಾಟರಿ ಬಲ್ಬು ಕೂಡಿಸಿ, ಮೇಲೆ ಹಸಿರು ಬಣ್ಣದ ಕಾಗದ ಅಂಟಿಸಿದೆ. ಫೋನಿನ ಪಕ್ಕದಲ್ಲಿ ಎರಡು ಬಟನ್. ಒಂದು ವೈರು ಹಿತ್ತಲ ಗೋಡೆ ಹತ್ತಿ ನೀಲಮ್ಮಾಯಿಯ ಮನೆಗೆ, ಇನ್ನೊಂದು ಬೇವಿನ ಟೊಂಗೆಯ ಮೇಲಿಂದ ಎದುರುಗಡೆಯ ಟೇಲರ್ ಖಾಜಾಸಾಬರ ಅಂಗಡಿಗೆ. ಪಿ.ಪಿ. ಫೋನು ಹೆಚ್ಚು ಬರುತ್ತಿದ್ದದ್ದು ಅವರಿಬ್ಬರಿಗೇ. ಇದರಲ್ಲಿ ನನ್ನ ಬುದ್ಧಿವಂತಿಕೆ ಯಾವುದೆಂದರೆ, ಡಬ್ಬಿಯನ್ನು ಗೋಡೆಗೆ ಹೊಡೆಯಲಿಲ್ಲ. ಒಂದು ಹಗ್ಗದಷ್ಟು ವೈರು ಸುತ್ತಿ ಬಿಟ್ಟೆ. ಮನುಷ್ಯ ಎಲ್ಲಿಗೆ ಹೋಗುತ್ತಾನೋ ಡಬ್ಬಿಯನ್ನೂ ಅಲ್ಲಿಗೆ ಒಯ್ಯಬಹುದು. ಅಡಿಗೆಮನೆಗೆ, ಕಟ್ಟೆಗೆ, ಎಲ್ಲಿಗಾದರೂ. ಇಷ್ಟುದ್ದ ವೈರಿನಲ್ಲಿ ಕರೆಂಟು ಸೊರಗುತ್ತದೆ ಎಂದು ನಾನೇ ಪಾಠ ಮಾಡುತ್ತಿದ್ದರೂ ಅದು ಆಗ ನೆನಪಾಗಲಿಲ್ಲ. ಬಲ್ಬು ಮಿಣಿಮಿಣಿ ಎನ್ನುತ್ತಿತ್ತು. ಅದನ್ನು ನಾನು ಹಿತವಾದ ಬೆಳಕು ಎಂದು ಘೋಷಿಸಿದೆ. ಸದರಿ ಉಪಕರಣಕ್ಕೆ 'ಮೌನ ಸೂಚಕ' ಎಂದು ನಾಮಕರಣವನ್ನೂ ಮಾಡಿದೆ.

ಯಾವ ಉಪಕರಣವನ್ನೂ ಪರೀಕ್ಷಿಸದೆ ಬಳಸಬಾರದು. ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ ಬಟನ್ ಒತ್ತಿದೆ. ನೀಲಮ್ಮಾಯಿ ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು.

"ಯಾರ ಫೋನ್ ಮಾಸ್ತರ?"

"ಯಾರದೂ ಇಲ್ಲ ಆಯಿ. ಸುಮ್ಮ ಪರೀಕ್ಷೆ ಮಾಡಿದೆ."

"ಹೌದೇನು. ಪಾಸಾದ್ರೇನು?" ಎಂದು ಕೇಳಿ ವಾಪಸು ಹೋಗುತ್ತಿದ್ದಳು.

ಐದನೆಯ ದಿನದಿಂದ ಅವಳು ಬರುವುದನ್ನು ನಿಲ್ಲಿಸಿದಳು. ಪರೀಕ್ಷೆಗೂ ನಿಜವಾದ ಕರೆಗೂ ವ್ಯತ್ಯಾಸ ಗೊತ್ತು ಮಾಡಿಕೊಂಡಳು, ಉಪಕರಣ ಅವಳ ಬದುಕಿನಲ್ಲಿ ಬೆರೆತುಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ವ್ಯತ್ಯಾಸ ಅವಳಿಗೆ ಹೇಗೆ ಗೊತ್ತಾಗಬೇಕು ಎಂದು ನನಗೆ ಹೊಳೆಯಲಿಲ್ಲ. ಎರಡಕ್ಕೂ ಹತ್ತುತ್ತಿದ್ದದ್ದು ಅದೇ ಒಂದು ದೀಪ! ಖಾಜಾಸಾಬರಂತೂ ಡಬ್ಬಿಯನ್ನು ಹೊಲಿಗೆ ಯಂತ್ರದ ಸೂಜಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

"ಮಾಸ್ತರ್ ಸಾಬ್, ಸೂಜಿಗಿ ದಾರ ಪೋಣ್ಸಾಕ ಭಾಳ ಛಲೋ ಆಗ್ಯದ ನೋಡ್ರಿ. ಜರಾ ಜಾಸ್ತಿ ಹೊತ್ತು ಹಚ್ಚಿ ಇಡ್ರಿ," ಎಂದು ವಿನಂತಿ ಮಾಡಿಕೊಂಡರು. ನಾನು ಮೆಚ್ಚುಗೆಯೆಂದು ತಿಳಿದೆ.

ಇದೇ ಹೊತ್ತಿಗೆ ಕಮಲಾಗೆ ಸೊಲ್ಲಾಪುರದಿಂದ ಒಂದು ಕಾಗದ ಬಂತು. ಬರೆದವಳು ನೀಲಮ್ಮಾಯಿಯ ಒಬ್ಬಳೇ ಮಗಳು ಮಾದೇವಿ. ಎರಡು ವರ್ಷದ ಹಿಂದೆ ತಾಯಿ ಬೇಡವೆಂದ ಹುಡುಗನನ್ನು ಮದುವೆಯಾಗಿ ಹೋಗಿದ್ದಳು. ಹೋಗುವಾಗ ನೀಲಮ್ಮಾಯಿ ಸಿಟ್ಟಿನಲ್ಲಿ, ಇನ್ನು ನನ್ನ ಹೊಸ್ತಿಲು ತುಳಿಯಬೇಡ ಎಂದಿದ್ದಳು. ಆಮೇಲೆ ಇಬ್ಬರ ನಡುವೆ ಮಾತಿಲ್ಲ, ಕಾಗದವಿಲ್ಲ. ಈಗ ಮಗಳು ಬರೆದಿದ್ದಳು: ಬರುವ ಸೋಮವಾರ ಹನ್ನೊಂದು ಗಂಟೆಗೆ ಫೋನ್ ಮಾಡುತ್ತೇನೆ. ಅವ್ವನಿಗೆ ಹೇಳಿರಿ, ಒತ್ತಾಯ ಮಾಡಬೇಡಿರಿ. ಮನಸ್ಸಿದ್ದರೆ ಫೋನಿಗೆ ಬರುತ್ತಾಳೆ. ಬರದಿದ್ದರೆ ನಾನು ತಿಳಿದುಕೊಳ್ಳುತ್ತೇನೆ, ಇನ್ನೊಮ್ಮೆ ತೊಂದರೆ ಕೊಡುವುದಿಲ್ಲ.

ಕಮಲಾ ಹೋಗಿ ಓದಿ ಹೇಳಿದಳು. ನೀಲಮ್ಮಾಯಿ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. "ಬರ್ಲಿ, ನೋಡೂಣು," ಎಂದಳಂತೆ. ಆದರೆ ಅವತ್ತೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದನ್ನು ನಾವು ಗೋಡೆಯಾಚೆ ಕಂಡೆವು.

"ಸೋಮವಾರ ನಾ ಒದರ್ತೇನಿ," ಎಂದಳು ಕಮಲಾ.

ನಾನು ತಡೆದೆ. ಇಲ್ಲಿ ನನ್ನ ಉದ್ದೇಶ ಕೆಟ್ಟದ್ದಿರಲಿಲ್ಲ ಎಂದು ಓದುಗರು ದಯವಿಟ್ಟು ಗಮನಿಸಬೇಕು. "ನೀ ಒದರಿದ್ರ ಓಣಿಗೆ ಓಣೀನ ಬಂದು ನಿಲ್ತದ. ಅಷ್ಟು ಮಂದಿ ಮುಂದ ಆಯಿ ಬಾಯಿ ಬಿಡ್ತಾಳೇನು? ಇದು ಮಾನದ ಮಾತು. ಸೋಮವಾರ ನಿನ್ನ ಬಾಯಾಗಿಂದ ಒಂದು ಶಬ್ದ ಬರಬಾರದು. ದೀಪ ಹತ್ತತದ, ಆಯಿ ಒಬ್ಬಾಕೀನ ಸುಮ್ಮ ಎದ್ದು ಬರ್ತಾಳ, ಮಾತಾಡ್ತಾಳ."

ಕಮಲಾ ನನ್ನ ಮುಖ ನೋಡಿ, "ಆಯ್ತು ಬಿಡ್ರಿ," ಎಂದಳು.

ಸೋಮವಾರ ನಾನು ಶಾಲೆಗೆ ರಜೆ ಹಾಕಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫೋನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಹತ್ತೂವರೆಗೆ ಕೊನೆಯದಾಗಿ ಒಂದು ಪರೀಕ್ಷೆ ಮಾಡಿದೆ. ಕಮಲಾ ಬಾಗಿಲ ಹತ್ತಿರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಹನ್ನೊಂದು ಹೊಡೆದು ಎರಡು ನಿಮಿಷಕ್ಕೆ ಫೋನ್ ಬಂತು.

"ಸರ್, ನಾ ಮಾದೇವಿ," ಎಂದಿತು ಒಂದು ಸಣ್ಣ ದನಿ. "ಅವ್ವ ಅದಾಳ್ರೀ?"

"ಅದಾಳ ಯವ್ವ, ಬರಾಕತ್ತಾಳ," ಎಂದು ಗಂಭೀರವಾಗಿ ಬಟನ್ ಒತ್ತಿದೆ.

ಒಂದು ನಿಮಿಷವಾಯಿತು. ಹಿತ್ತಲ ಬಾಗಿಲಲ್ಲಿ ಯಾರೂ ಕಾಣಲಿಲ್ಲ. ಬೆರಳು ಬಿಡದೆ ಇನ್ನೂ ಗಟ್ಟಿಯಾಗಿ ಒತ್ತಿದೆ, ಗಟ್ಟಿಯಾಗಿ ಒತ್ತಿದರೆ ಬೆಳಕು ಜಾಸ್ತಿಯಾಗುತ್ತದೆ ಎಂಬಂತೆ. ಎರಡು ನಿಮಿಷವಾಯಿತು.

"ಬರಂಗಿಲ್ಲ ಅಂತಾಳೇನ್ರಿ ಸರ್?" ಎಂದು ಕೇಳಿದಳು ಮಾದೇವಿ.

"ಛೆ ಛೆ, ದಾರ್ಯಾಗ ಅದಾಳ," ಎಂದೆ. ಪಕ್ಕದ ಮನೆಯಿಂದ ಎರಡು ನಿಮಿಷದ ದಾರಿ! ಗಾಬರಿಯಲ್ಲಿ ಎರಡೂ ಬಟನ್ ಒಟ್ಟಿಗೇ ಒತ್ತಿದೆ. ಫಲ ತಕ್ಷಣ ಸಿಕ್ಕಿತು. ಕೊರಳಲ್ಲಿ ಟೇಪು ಹಾಕಿಕೊಂಡ ಖಾಜಾಸಾಬರು ಓಡಿ ಬಂದು, ನನ್ನ ಕೈಯಿಂದ ರಿಸೀವರ್ ಕಸಿದುಕೊಂಡು, "ಹಲೋ, ತಕಲೀಫ್ ತಗೋಬ್ಯಾಡ್ರಿ, ಜಂಪರ್ ಶುಕ್ರವಾರ ಕೊಟ್ಟೇ ಕೊಡ್ತೇನಿ, ಗುಂಡಿ ಕಾಜಾ ಒಂದೇ ಬಾಕಿ ಅದ," ಎಂದರು.

ನಾನು ರಿಸೀವರ್ ಕಿತ್ತುಕೊಂಡೆ. "ಖಾಜಾಸಾಬ್, ಈ ಬಟನ್ ಹಿಡೀರಿ, ಬಿಡಬ್ಯಾಡ್ರಿ. ನಾನೇ ಹೋಗಿ ಕರ್ಕೊಂಡ್ ಬರ್ತೇನಿ," ಎಂದು ಹೇಳಿ, ರಿಸೀವರನ್ನು ಎಷ್ಟೋ ದಿನದ ರೂಢಿಯಂತೆ ಅದರ ಜಾಗದಲ್ಲಿ ಇಟ್ಟೆ.

ಟಿಂಗ್ ಎಂದಿತು.

ಕಮಲಾ ಬಾಯಿಯ ಮೇಲಿನ ಸೆರಗು ತೆಗೆದಳು. "ಇಟ್ರಿ," ಎಂದಳು. ಅಷ್ಟೇ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ಹುಡುಗಿಯ ನಂಬರು ನನ್ನ ಹತ್ತಿರ ಇರಲಿಲ್ಲ. ಯಾವುದೋ ಬೂತಿನಿಂದ ಮಾಡಿದ್ದಳು. ಅವ್ವ ಬರಲಿಲ್ಲ, ಮೇಲಾಗಿ ಫೋನು ಇಟ್ಟುಬಿಟ್ಟರು ಎಂದು ತಿಳಿದು ಮನೆಗೆ ನಡೆದಿರುತ್ತಾಳೆ. ನಾನು ಪಕ್ಕದ ಮನೆಗೆ ಓಡಿದೆ.

ನೀಲಮ್ಮಾಯಿ ಇಳಕಲ್ ಸೀರೆ ಉಟ್ಟು, ದೇವರ ಜಗಲಿಯ ಮುಂದೆ ಕಣ್ಣು ಮುಚ್ಚಿ, ಕೈ ಮುಗಿದು ಕೂತಿದ್ದಳು. ಜಗಲಿಯ ಮೇಲೆ ಬಸವಣ್ಣನ ಫೋಟೊದ ಪಕ್ಕದಲ್ಲಿ ನನ್ನ ಸಾಬೂನಿನ ಡಬ್ಬಿ. ಅದಕ್ಕೆ ಮೂರು ಬೆರಳಿನ ವಿಭೂತಿ, ಮೇಲೊಂದು ಪತ್ರಿ ಎಲೆ. ಒಳಗೆ ಹಸಿರು ಬೆಳಕು ಮಿಣಿಮಿಣಿ ಎನ್ನುತ್ತಿತ್ತು. ಅತ್ತ ಖಾಜಾಸಾಬರು ನಿಷ್ಠೆಯಿಂದ ಬಟನ್ ಹಿಡಿದಿದ್ದರು.

"ಆಯಿ, ದೀಪ ಹತ್ಯದ, ಕಾಣವಲ್ತೇನು?"

"ಕಾಣ್ತದಲ್ಲ ಮಾಸ್ತರ," ಎಂದಳು ಕಣ್ಣು ತೆರೆಯದೆ. "ಮಗಳ ಫೋನ್ ಬರ್ಲಿ ತಂದೆ ಅಂತ ಕೈ ಮುಗದೆ, ತಾನ ಹತ್ತಿತು. ದೇವರ ಮುಂದಿನ ದೀಪ ಉರಿಯೂ ಮುಂದ ಎದ್ದು ಹೋಗಬಾರದು. ಆರಿದ ಮ್ಯಾಲ ಏಳ್ತೇನಿ."

ಅಂದರೆ ನಾನು ಎಷ್ಟು ಹೊತ್ತು ಒತ್ತಿದೆನೋ ಅಷ್ಟು ಹೊತ್ತು ಅವಳು ಏಳುವಂತಿರಲಿಲ್ಲ.

"ಆಯಿ, ಅದು ಫೋನಿನ ದೀಪ. ನಾ ಹೇಳಿದ್ನಲ್ಲ."

"ಹೇಳಿದ್ರಿ ಖರೆ. ದೀಪ ನೋಡಿ ನಾ ಬಂದಾಗೊಮ್ಮೆ ಫೋನ್ ಎಲ್ಲಿತ್ತು? ಇದು ಫೋನಿಂದಲ್ಲ, ಹಂಗ ಹತ್ತೂ ದೀಪ ಅಂತ ದೇವರ ಮುಂದ ಇಟ್ಟೆ. ಫೋನ್ ಬಂದ್ರ ಈಗೂ ಕಮಲಾನ ಒದರ್ತಾಳಲ್ಲ. ಆಕಿ ಒದರಿಲ್ಲ, ಫೋನ್ ಬಂದಿಲ್ಲ."

"ಬಂದಿತ್ತು ಆಯಿ," ಎಂದೆ. "ನಾನೇ ಇಟ್ಟುಬಿಟ್ಟೆ."

ಆಗ ಅವಳು ಕಣ್ಣು ತೆರೆದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀರೆಯ ಹೊಸ ಮಡಿಕೆಯನ್ನು ಬೆರಳಿನಿಂದ ಸವರುತ್ತ, "ಬಿಡ್ರಿ ಮಾಸ್ತರ. ಬ್ಯಾಡಂದಾಕಿ ನಾನ ಮೊದಲ," ಎಂದಳು. ನನಗೆ ಅಲ್ಲೇ ಜಗಲಿಯ ಕೆಳಗೆ ಹೂತುಹೋಗಬೇಕು ಅನ್ನಿಸಿತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಬಂತು. ಜಗಲಿಯ ಮೇಲಿನ ಪತ್ರಿ ಎಲೆ ನಡುಗಿತು ಎಂದರೆ ಅತಿಶಯೋಕ್ತಿಯಾದೀತು, ಆದರೆ ನನಗೆ ಹಾಗೇ ಕಂಡಿತು.

"ನೀಲಮ್ಮಾಯೀ, ಮಾದೇವಿ ಫೋನ್ ಬಂದದ, ಲಗೂನ ಬರ್ರಿ!"

ದೇವರ ಮುಂದಿನ ದೀಪ ಉರಿಯುತ್ತಲೇ ಇತ್ತು. ನೀಲಮ್ಮಾಯಿ ನನ್ನನ್ನು ದಾಟಿ, ಮಂಡಿನೋವು ಮರೆತು, ಹಿತ್ತಲ ಬಾಗಿಲಿಂದ ಓಡಿದಳು. ನಾನು ಮನೆ ಮುಟ್ಟುವಷ್ಟರಲ್ಲಿ ಅರ್ಧ ಓಣಿ ಬಂದು ನಿಂತಿತ್ತು. ಆದರೆ ಕಮಲಾ ಬಾಗಿಲಿಗೆ ಅಡ್ಡ ನಿಂತು, ಆಯಿಯನ್ನು ಒಬ್ಬಳನ್ನೇ ಒಳಗೆ ಬಿಟ್ಟಿದ್ದಳು. ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ.

ಮಾದೇವಿ ಎರಡನೇ ಸಲ ಫೋನ್ ಮಾಡಿದ್ದು ತಾಯಿಯನ್ನು ಕರೆಯಿರಿ ಎನ್ನಲು ಅಲ್ಲವಂತೆ. "ಅವ್ವ ಬರದಿದ್ರ ಬ್ಯಾಡ ವೈನಿ, ಆರಾಮ ಅದಾಳೇನು ಅಷ್ಟ ಹೇಳ್ರಿ," ಎಂದು ಕಮಲಾಳನ್ನು ಕೇಳಿದ್ದಳು. ಕಮಲಾ ರಿಸೀವರನ್ನು ಮೇಜಿನ ಮೇಲೆ ಇಟ್ಟು, ಹೌದು, ಮೇಜಿನ ಮೇಲೆ, ಗೋಡೆಗೆ ಹೋಗಿ ಕೂಗಿದಳು.

ನೀಲಮ್ಮಾಯಿ ಎರಡೂ ಕೈಯಲ್ಲಿ ಫೋನ್ ಹಿಡಿದು ಕಿವಿಗೆ ಒತ್ತಿಕೊಂಡಳು. "ರೊಟ್ಟಿ ತಿಂದೇನು ಯವ್ವ?" ಎಂದಳು. ಆಮೇಲೆ ಇಬ್ಬರೂ ಒಟ್ಟಿಗೇ ಅತ್ತರು. ಬಾಗಿಲ ಹೊರಗೆ ಖಾಜಾಸಾಬರು ಟೇಪಿನ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಬೇವಿನ ಮರದ ಕಡೆ ತಿರುಗಿ ನಿಂತೆ.

"ವೈನಿ ಒದರಿದ್ದು ಫೋನಿನಾಗ ಕೇಳಿಸ್ತು ಅಂತ," ಎಂದು ಆಮೇಲೆ ಆಯಿ ಕಮಲಾಗೆ ಹೇಳಿದಳು. "ಆ ದನಿ ಕೇಳಿ ಊರಿಗಿ ಬಂದಂಗಾತು ಅಂತಾಳ ನಮ್ಮ ಹುಡುಗಿ."

ಕಮಲಾ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದು ಅವಳ ದೊಡ್ಡತನ. ಮುಂದಿನ ತಿಂಗಳು ಮಾದೇವಿ ಗಂಡನ ಜೊತೆ ಬಂದು ಆ ಹೊಸ್ತಿಲು ತುಳಿದಳು. ನಮ್ಮ ಮನೆಗೂ ಹೋಳಿಗೆ ಬಂತು. ಪಾತ್ರೆಯನ್ನು ಕಮಲಾ ಕೈಗೇ ಕೊಡಬೇಕೆಂದು ಆಯಿ ಹೇಳಿ ಕಳಿಸಿದ್ದಳು.

ಖಾಜಾಸಾಬರ ಡಬ್ಬಿಯನ್ನು ನಾನು ಮರುದಿನವೇ ಬಿಚ್ಚಿದೆ. ಅವರು ಬಹಳ ನೊಂದುಕೊಂಡರು. ನೀಲಮ್ಮಾಯಿಯ ಡಬ್ಬಿಯನ್ನು ಬಿಚ್ಚಲು ಹೋದರೆ ಅವಳು ಒಪ್ಪಲಿಲ್ಲ. ಕೈ ಮುಗಿದ ದಿನ ಹತ್ತಿ, ಮಗಳನ್ನು ಮಾತಾಡಿಸಿದ ದೀಪ ಅದು ಎಂದು ಅವಳ ವಾದ. ಅದನ್ನು ಅಲ್ಲಗಳೆಯುವ ಮುಖ ನನಗಿರಲಿಲ್ಲ.

ಹೀಗಾಗಿ 'ಮೌನ ಸೂಚಕ' ಇನ್ನೂ ಜಗಲಿಯ ಮೇಲಿದೆ. ಪ್ರತಿ ಸೋಮವಾರ ಬೆಳಿಗ್ಗೆ, ನಾನು ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕೂತಿರುವ ಹೊತ್ತಿಗೆ, ಹಿತ್ತಲ ಗೋಡೆಯ ಹತ್ತಿರದಿಂದ ಕಮಲಾ ಕೂಗುತ್ತಾಳೆ: "ರೀ, ಆಯಿ ಪೂಜಿಗಿ ಕುಂತಾಳ, ಬಟನ್ ಒತ್ತರಿ!" ಬಸ್ ಸ್ಟ್ಯಾಂಡಿನಲ್ಲಿ ಆಳಂದದ ಬಸ್ಸಿಗೆ ಕಾಯುವವರೆಲ್ಲ ತಿರುಗಿ ನೋಡುತ್ತಾರೆ. ನಾನು ಎದ್ದು ಹೋಗಿ ಒತ್ತುತ್ತೇನೆ.