ಉಪವಾಸದ ರಕ್ತಪರೀಕ್ಷೆ

ಮನುಷ್ಯನಿಗೆ ಒಂದು ವಿಷಯದಲ್ಲಾದರೂ ತನ್ನ ಮೇಲೆ ಪೂರ್ತಿ ಭರವಸೆ ಇರಬೇಕು. ನನಗೆ ಅದು ಉಪವಾಸದಲ್ಲಿತ್ತು. ಪಾಠ ಮಾಡುವಾಗ ಎಷ್ಟೋ ಸಲ ತಡವರಿಸಿದ್ದೇನೆ, ಶರಾವತಿ ದಾಟುವ ದೋಣಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದೇನೆ. ಏಕಾದಶಿಯನ್ನು ಮಾತ್ರ ಒಮ್ಮೆಯೂ ತಪ್ಪಿಸಿದವನಲ್ಲ. ಹೊನ್ನಾವರದ ನಮ್ಮ ಶಾಲೆಯಲ್ಲಿ ಉಳಿದ ಮಾಸ್ತರರು ಬುತ್ತಿ ಬಿಚ್ಚುವಾಗ, ನನಗಿವತ್ತು ಉಪವಾಸ ಎಂದು ತುಸು ಗಟ್ಟಿಯಾಗಿಯೇ ಹೇಳುತ್ತಿದ್ದೆ. ಬೆಳಿಗ್ಗೆ ಮುಗಿಸಿ ಬಂದ ಫಲಾಹಾರದ ವಿವರವನ್ನು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಹೀಗಿರಲು ಒಂದು ಸಂಜೆ ಏರು ಹತ್ತಿ ಮನೆಗೆ ಬರುವಾಗ ಎದೆಯಲ್ಲಿ ಚುಳುಕ್ ಎಂದಿತು. ಬಾಯಿ ಬಿಡಬಾರದೆಂದುಕೊಂಡರೂ ಮುಖವೇ ಹೇಳಿಬಿಟ್ಟಿತು. ಹಿಂದಿನ ವರ್ಷವಷ್ಟೇ ಕತಗಾಲದ ತವರಲ್ಲಿ ನನ್ನ ಹೆಂಡತಿಯ ಅಣ್ಣ ಎದೆ ಹಿಡಿದು ಕೂತವರು ಮತ್ತೆ ಎದ್ದಿರಲಿಲ್ಲ. ಅವಳು ಮರುದಿನವೇ ನನ್ನನ್ನು ಬಸ್ಸು ಹತ್ತಿಸಿ ಕುಮಟೆಯ ಡಾಕ್ಟರರ ಎದುರು ಕೂರಿಸಿದಳು. ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಜಿಡ್ಡು ಇರುತ್ತದೆ, ಹೆಚ್ಚಾದರೆ ಹೃದಯದ ನಾಳಕ್ಕೆ ಅಂಟಿ ದಾರಿ ಕಟ್ಟುತ್ತದೆ ಎಂದು ಅವರು ವಿವರಿಸಿದರು. ಆ ಹೆಸರಿನ ಮೊದಲೆರಡು ಅಕ್ಷರ ಕೇಳಿಯೇ ಹೆಂಡತಿಯ ಮುಖದ ಬಣ್ಣ ಇಳಿಯಿತು. ಬುಧವಾರ ಬೆಳಿಗ್ಗೆ ಉಪವಾಸವಿದ್ದು ಬನ್ನಿ, ರಕ್ತ ತೆಗೆಯೋಣ ಎಂದರು ಡಾಕ್ಟರರು. ನನಗೆ ನಗು ಬಂತು. ಉಪವಾಸದ ಮಾತನ್ನು ನನಗೆ ಹೇಳಿಕೊಡುವುದೇ?

ಬುಧವಾರ ಹೆಂಡತಿ ಬೆಳಕು ಹರಿಯುವ ಮೊದಲೇ ಎದ್ದು ಎಲ್ಲವನ್ನೂ ಶಾಸ್ತ್ರಪ್ರಕಾರ ಮಾಡಿದಳು. ಸಾಬಕ್ಕಿ ಕಿಚಡಿ, ತುಪ್ಪದಲ್ಲಿ ಹುರಿದ ಅವಲಕ್ಕಿ, ಬಾಳೆಹಣ್ಣಿನ ರಸಾಯನ, ಮೇಲೊಂದು ಲೋಟ ಕೆನೆಹಾಲು. ಅನ್ನದ ಒಂದು ಅಗುಳೂ ನಾಲಿಗೆಗೆ ತಾಗಲಿಲ್ಲ. ಕುಮಟೆಯಲ್ಲಿ ತೆಗೆದ ನನ್ನ ರಕ್ತ ಪರೀಕ್ಷೆಗೆಂದು ಹುಬ್ಬಳ್ಳಿಗೆ ಹೋಯಿತು. ಹತ್ತು ದಿನದ ಮೇಲೆ ಬಂದ ವರದಿ ನೋಡಿ ಡಾಕ್ಟರರು ಹುಬ್ಬು ಗಂಟಿಕ್ಕಿದರು. ಜಿಡ್ಡು ವಿಪರೀತ ಹೆಚ್ಚಿತ್ತು.

“ಮಾಸ್ತರ್ರೇ, ಆ ದಿನ ಬೆಳಿಗ್ಗೆ ಎಂತ ತಿಂದ್ಕಂಡ್ ಬಂದಿದ್ರಿ?” ಎಂದು ಕೇಳಿದರು.

ನಾನು ಹೆಮ್ಮೆಯಿಂದಲೇ ಒಂದೊಂದಾಗಿ ಹೇಳಿದೆ. ಕಂಪೌಂಡರ್ ಒಳಕೋಣೆಗೆ ಹೋಗಿ ನಕ್ಕದ್ದು ಹೊರಗೆ ಕೇಳಿಸಿತು. ಡಾಕ್ಟರರ ಪ್ರಕಾರ ಉಪವಾಸವೆಂದರೆ ಹಿಂದಿನ ರಾತ್ರಿಯಿಂದ ಬರೀ ನೀರಂತೆ. ತನ್ನ ಕೈಯಾರೆ ಹೀಗಾಯಿತಲ್ಲ ಎಂದು ಹೆಂಡತಿ ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ನನಗೋ ಹೋದ ಜೀವ ಬಂದಿತ್ತು. ತಪ್ಪು ಸಾಬಕ್ಕಿಯದು, ಹೃದಯ ನಿರಪರಾಧಿ. ಬಹಳ ದೊಡ್ಡ ಮನಸ್ಸು ಮಾಡಿ ಅವಳನ್ನು ಸಮಾಧಾನಪಡಿಸಿದೆ.

ಎರಡನೇ ಸಲ ಬರೀ ನೀರು ಕುಡಿದು ಹೋದೆ. ಬಸ್ಸು ಕುಮಟೆ ಮುಟ್ಟುವಷ್ಟರಲ್ಲಿ ಐವತ್ತು ವರ್ಷದಲ್ಲಿ ನನಗೆ ನಿಜವಾದ ಹಸಿವೆಯ ಪರಿಚಯವೇ ಆಗಿರಲಿಲ್ಲ ಎಂಬುದು ಗೊತ್ತಾಯಿತು. ಇಷ್ಟಾದರೂ ವರದಿ ಹೆಚ್ಚುಕಡಿಮೆ ಹಿಂದಿನದೇ. ಹುಬ್ಬಳ್ಳಿಯವರೇ ತಪ್ಪಿರಬೇಕು ಎಂದೆ.

“ಒಂದು ಬೆಳಗಿನ ತುಪ್ಪ ಅಲ್ಲ ಮಾಸ್ತರ್ರೇ, ಇದು ನಿಮ್ಮ ಇಷ್ಟೂ ವರ್ಷದ್ದು” ಎಂದರು ಡಾಕ್ಟರರು. ತುಪ್ಪ, ಕೆನೆ ಬಿಡಬೇಕು, ದಿನಾ ನಡೆಯಬೇಕು ಎಂದು ಬರೆದುಕೊಟ್ಟರು.

ಮುಂದಿನ ಏಕಾದಶಿಯ ದಿನ ಅಭ್ಯಾಸಬಲದಿಂದ ಫಲಾಹಾರಕ್ಕೆ ಕೂತೆ. ಎದುರಿಗೆ ಬಂದದ್ದು ಗಂಜಿ ಮತ್ತು ಬೇಯಿಸಿದ ಹರಿವೆ ಸೊಪ್ಪು. ಇದೇನೆಂದು ಕೇಳಿದೆ.

“ಉಪವಾಸ ನಿಂಗಳ ಎದೆಗೆ ಆಗ್ತಿಲ್ಲೆ. ಇನ್ನು ನಿಂಗ ಉಣ್ಣಿ, ನಾ ಮಾಡ್ತೆ” ಎಂದಳು.

ಅವಳದ್ದೂ ಸಾಬಕ್ಕಿಯ ಉಪವಾಸವೇ ಎಂದುಕೊಂಡು ಒಳಗೊಳಗೇ ಹೊಟ್ಟೆಕಿಚ್ಚುಪಟ್ಟೆ. ಆದರೆ ಅವಳು ದಿನವಿಡೀ ತುಳಸಿ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಸಂಜೆ ಗೋಡೆ ಹಿಡಿದು ಎದ್ದಳು. ನಾನು ಬದುಕಿರಲೆಂದು ಅವಳು ಹಸಿದಿದ್ದಳು. ನಮ್ಮ ಮನೆಯಲ್ಲಿ ಉಪವಾಸವೆಂಬುದು ನಡೆದದ್ದು ಅದೇ ಮೊದಲು. ಒಂದು ತುತ್ತಾದರೂ ತಿನ್ನು ಎಂದು ಬೇಡಿಕೊಂಡೆ, ಕೇಳಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ರಾತ್ರಿಯ ಊಟಕ್ಕೆ ಕೂತೆ. ಅವಳು ಸೌಟು ಹಿಡಿದು ಬಂದು ಇನ್ನೊಂದಿಷ್ಟು ಗಂಜಿ ಹಾಕಲೇ ಎಂದು ಕೇಳಿದಳು. ನಾನು ಬೇಡವೆನ್ನಲಿಲ್ಲ.